ಕುಪ್ಪಸದ ಖಣ ದಿಂಬಿಗೆ ಬಂದ ದಾರಿ

ಗುಳೇದಗುಡ್ಡದ ಖಣ ಈಗ ಬೆಂಗಳೂರು, ಪುಣೆ, ಹುಬ್ಬಳ್ಳಿಯ ಮನೆಗಳಲ್ಲಿ ಸೋಫಾದ ಮೇಲಿನ ದಿಂಬಿಗೆ ಗವಸಾಗಿ ಕುಳಿತಿದೆ. ಇಳಕಲ್ ಸೀರೆಯ ಕೆಂಪು ಸೆರಗನ್ನು ಚೌಕಾಗಿ ಕತ್ತರಿಸಿ ಹೊಲಿದ ಗವಸುಗಳೂ ಅದರ ಜೊತೆಗೇ ಮಾರಾಟವಾಗುತ್ತಿವೆ. ಇದನ್ನು ಕಂಡವರು ಎರಡು ಬಗೆಯ ಮಾತಾಡುತ್ತಾರೆ. ಚೆಂದಕ್ಕೆಂದೇ ದಿಂಬು ಜೋಡಿಸುವುದು ನಮ್ಮ ಸೀಮೆಯದಲ್ಲ, ಪರದೇಶದ ಮನೆಗಳ ಚಿತ್ರ ನೋಡಿ ಕಲಿತದ್ದು ಎಂಬುದು ಒಂದು. ಮೈಮೇಲೆ ಇರಬೇಕಾದ ಬಟ್ಟೆ ಬೆನ್ನಿನ ಕೆಳಗೆ ಬಂತು, ಖಣಕ್ಕೆ ಇದಕ್ಕಿಂತ ಹೀನ ಗತಿ ಉಂಟೆ ಎಂಬುದು ಇನ್ನೊಂದು. ಎರಡರಲ್ಲೂ ಕಳವಳ ಇದೆ, ಆ ಕಳವಳ ಸಾಚಾ. ಆದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ಮನೆ ಮತ್ತು ಮಗ್ಗಗಳ ಇತಿಹಾಸವನ್ನು ಜೊತೆಯಾಗಿಟ್ಟು ನೋಡಿದರೆ ಎರಡೂ ಮಾತು ನಿಲ್ಲುವುದಿಲ್ಲ. ಮೈಗೆಂದು ನೇಯ್ದ ಬಟ್ಟೆ ಕಡೆಗೆ ಮನೆಯ ಹಾಸಿಗೆಗೆ, ತೊಟ್ಟಿಲಿಗೆ, ದಿಂಬಿಗೆ ಬಂದು ಸೇರುವುದು ಇಲ್ಲಿ ಹಳೆಯ ವಾಡಿಕೆ. ಬದಲಾಗಿರುವುದು ಅದು ಬರುವ ಹೊತ್ತು. ಮೊದಲು ಉಟ್ಟು ಸವೆದ ಮೇಲೆ ಬರುತ್ತಿತ್ತು, ಈಗ ಮಗ್ಗದಿಂದ ಇಳಿದ ಹೊಸತೇ ಬರುತ್ತಿದೆ. ಈ ಬದಲಾವಣೆ ಖಣಕ್ಕೆ ಒಗ್ಗುತ್ತದೆ, ಇಳಕಲ್ ಸೆರಗಿಗೆ ಒಗ್ಗುವುದಿಲ್ಲ ಎಂಬುದು ನನ್ನ ವಾದ. ಏಕೆ ಎಂಬುದಕ್ಕೆ ಉತ್ತರ ಆ ಎರಡು ಬಟ್ಟೆಗಳ ನೇಯ್ಗೆಯಲ್ಲೇ ಇದೆ.

ಮೊದಲು ದಿಂಬಿನ ಮಾತು. ಮೆತ್ತನೆಯ ಆಸರೆ ಈ ನೆಲದಲ್ಲಿ ಬಹಳ ಕಾಲ ಅಂತಸ್ತಿನ ಕುರುಹಾಗಿತ್ತು. ಬಾದಾಮಿಯ ಮೂರನೆಯ ಗುಹೆಯನ್ನು ಚಾಲುಕ್ಯ ಮಂಗಲೇಶ 578ರಲ್ಲಿ ವಿಷ್ಣುವಿಗೆ ಅರ್ಪಿಸಿದ. ಅದರ ಮೊಗಸಾಲೆಯ ಒಂದು ತುದಿಯಲ್ಲಿ ವಿಷ್ಣು ಅನಂತನ ಮೇಲೆ ಕುಳಿತಿದ್ದಾನೆ. ಹಾವಿನ ಸುರುಳಿಗಳೇ ಗಾದಿ, ಹೆಡೆಗಳೇ ಕೊಡೆ. ಹುನಗುಂದ ತಾಲೂಕಿನ ಐಹೊಳೆಯ ಹುಚ್ಚಪ್ಪಯ್ಯ ಗುಡಿಯ ಮಾಡಿನಲ್ಲಿದ್ದ, ಈಗ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದಲ್ಲಿರುವ ಶಿಲ್ಪಫಲಕದಲ್ಲೂ ವಿಷ್ಣುವಿಗೆ ಶೇಷನೇ ಆಸರೆ. ಮೂರನೆಯ ಗುಹೆಯಲ್ಲೇ ಉಳಿದಿರುವ ಮಸುಕಾದ ವರ್ಣಚಿತ್ರದಲ್ಲಿ ಮಂಗಲೇಶನ ಅಣ್ಣ ಕೀರ್ತಿವರ್ಮ ಅರಮನೆಯಲ್ಲಿ ರಾಣಿಯೊಡನೆ, ಸಾಮಂತರ ನಡುವೆ ಕುಳಿತು ನೃತ್ಯ ನೋಡುತ್ತಿದ್ದಾನೆ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಇದಾಗಿ ಐದು ಶತಮಾನಗಳ ಮೇಲೆ, ಸುಮಾರು 1129ರ ಹೊತ್ತಿಗೆ, ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಅರಸನ ಉಪಭೋಗಗಳನ್ನು ಎಣಿಸುವಾಗ ಆಸನಕ್ಕೂ ಹಾಸಿಗೆಗೂ ಬೇರೆ ಬೇರೆ ಪ್ರಕರಣಗಳನ್ನೇ ಮೀಸಲಿಟ್ಟಿತು. ಇವೆಲ್ಲ ದೇವರ, ದೊರೆಯ ಸಂಗತಿಗಳು. ಬಾದಾಮಿಯ ಕಲ್ಲುಕುಟಿಗನ ಗುಡಿಸಿಲಲ್ಲಿ ಏನಿತ್ತು ಎಂಬುದನ್ನು ಇವು ಹೇಳುವುದಿಲ್ಲ, ಇವುಗಳಿಂದ ಹೇಳಿಸಲೂಬಾರದು. ಆದರೆ ಒಂದು ವಿಷಯ ಇವುಗಳಿಂದ ಸ್ಪಷ್ಟ. ಯಾರಿಗೆ ಒರಗುವ ಅಧಿಕಾರ ಇದೆಯೋ ಅವರಿಗೆ ಮೆತ್ತನೆಯ ಆಸರೆ ಇತ್ತು. ಉಳಿದವರು ನೆಟ್ಟಗೆ ಕೂತರು, ಇಲ್ಲವೆ ನಿಂತರು.

ಈ ವ್ಯವಸ್ಥೆ ಕಲ್ಲಿನಿಂದ ಇಳಿದು ದೇಸಾಯರ ವಾಡೆಗಳಿಗೆ, ಮಠಗಳಿಗೆ, ಜವಳಿ ಅಂಗಡಿಗಳಿಗೆ ಬಂದಾಗ ಅದಕ್ಕೆ ಗಾದಿ-ಲೋಡು ಎಂಬ ಹೆಸರಾಯಿತು. ಗೋಡೆಗೆ ತಾಗಿಸಿ ಗಾದಿ, ಗಾದಿಯ ಹಿಂದೆ ಉದ್ದನೆಯ ಉರುಟು ಲೋಡು, ಮೊಣಕೈ ಊರಲು ಅಕ್ಕಪಕ್ಕದಲ್ಲಿ ಸಣ್ಣವು ಎರಡು, ಕೆಳಗೆ ಜಮಖಾನೆ. ದಿಂಬುಗಳನ್ನು ಜೋಡಿಸುವುದು ಇತ್ತೀಚಿನ ಕಲೆ ಎನ್ನುವವರು ಈ ಬೈಠಕನ್ನು ಗಮನಿಸಬೇಕು. ಅಲ್ಲಿ ಪ್ರತಿಯೊಂದು ಲೋಡಿನ ಜಾಗ ಗೊತ್ತುಮಾಡಿದ್ದು. ಬಾಗಿಲಿಗೆ ಎದುರಾದ ಗೋಡೆಯ ನಡುವಿನ ಲೋಡು ಹಿರಿಯನದು, ಬದಿಯವು ಬಂದ ಬೀಗರದು. ಮದುವೆಯ ಮಾತುಕತೆಯಲ್ಲಿ ಯಾರಿಗೆ ಲೋಡು ಕೊಟ್ಟರು, ಯಾರಿಗೆ ಬರಿ ಜಮಖಾನೆ ತೋರಿಸಿದರು ಎಂಬುದರ ಮೇಲೆ ಮಾನ-ಅವಮಾನ ತೀರ್ಮಾನವಾಗುತ್ತಿತ್ತು. ಬಣ್ಣ, ಚಿತ್ತಾರ ಮಾತ್ರ ಅಲ್ಲಿ ಇರಲಿಲ್ಲ. ಲೋಡಿನ ಗವಸು ಬಿಳಿ, ಗಾದಿಯ ಮೇಲ್ಹಾಸು ಬಿಳಿ. ಸೀರೆ ವ್ಯಾಪಾರಿಯ ಅಂಗಡಿಯಲ್ಲಿ ಇದಕ್ಕೆ ನೇರ ಕಾರಣವೂ ಇತ್ತು. ಬಿಳಿ ಗಾದಿಯ ಮೇಲೆ ಬಿಚ್ಚಿ ಹರವಿದಾಗ ಇಳಕಲ್ಲಿನ ದಾಳಿಂಬೆ ಕೆಂಪು, ನವಿಲು ಬಣ್ಣ ತಮ್ಮ ಕಸುವಿನಲ್ಲಿ ಎದ್ದು ತೋರುತ್ತವೆ. ಮನೆಗಳಲ್ಲಿ ಬಿಳುಪಿಗೆ ಬೇರೆ ಅರ್ಥ. ಕರಿ ಎರೆಯ ಧೂಳು ವರ್ಷವೆಲ್ಲ ಹಾರುವ ಸೀಮೆಯಲ್ಲಿ ಬಿಳಿಯನ್ನು ಬಿಳಿಯಾಗಿ ಉಳಿಸುವುದಕ್ಕೆ ಒಗೆಯುವ ಕೈಗಳು ಬೇಕು, ಆ ಕೈಗಳು ಇರುವ ಮನೆ ಎಂದು ಸಾರುವುದಕ್ಕೆ ಬಿಳಿ ಗವಸೇ ಸಾಕು.

ಇದನ್ನು ಹೇಳುವಾಗ ಬಿಟ್ಟುಬಿಡಬಾರದ ಸತ್ಯ ಒಂದಿದೆ. ಆ ಬೈಠಕಿನಲ್ಲಿ ಹೆಂಗಸರು ಒರಗಲಿಲ್ಲ. ಮಗ್ಗದ ಕುಣಿಯಲ್ಲಿ ಕಾಲಿಟ್ಟು ದಿನವಿಡೀ ದುಡಿದ ನೇಕಾರನಿಗೆ ವಾಡೆಯ ಲೋಡು ಸಿಗಲಿಲ್ಲ. ಊರ ಹೊರಗಿಟ್ಟವರಿಗೆ ಪಡಸಾಲೆಯ ಕಟ್ಟೆಯೂ ಸಿಗಲಿಲ್ಲ. ಗಾದಿ-ಲೋಡಿನ ಮನೆಗಳೇ ನಿಜವಾದ ನಮ್ಮ ಸಂಸ್ಕೃತಿ, ಸೋಫಾದ ದಿಂಬು ಅದರ ಅವನತಿ ಎಂದು ಕೊರಗುವವರು ಇದನ್ನು ಮರೆಯುತ್ತಾರೆ. ಇಂದು ಸಣ್ಣ ಮನೆಯ ಹಾಲಿನಲ್ಲಿ ಯಾರು ಬೇಕಾದರೂ ಯಾವ ದಿಂಬಿಗೆ ಬೇಕಾದರೂ ಒರಗಬಹುದು. ಹಳೆಯ ಜೋಡಣೆ ಕಳೆದುಹೋದಾಗ ಅದರ ಚೆಲುವಿನ ಜೊತೆಗೆ ಅದರ ಕ್ರೌರ್ಯವೂ ಹೋಯಿತು. ಆ ಲೆಕ್ಕದಲ್ಲಿ ನನಗೆ ನಷ್ಟಕ್ಕಿಂತ ಲಾಭವೇ ಹೆಚ್ಚು ಕಾಣುತ್ತದೆ.

ಗವಸಿನ ಒಳಗೆ ಇದ್ದದ್ದು ಇದೇ ನೆಲದ ಹತ್ತಿ. ಮಲಪ್ರಭೆ, ಘಟಪ್ರಭೆಗಳ ಸುತ್ತಿನ ಎರೆಹೊಲಗಳಲ್ಲಿ ಬೆಳೆಯುತ್ತಿದ್ದ ಜವಾರಿ ಹತ್ತಿಯ ಎಳೆ ಗಿಡ್ಡ, ಸ್ವಲ್ಪ ಒರಟು. ನಯವಾದ ನೂಲಿಗೆ ಇದು ಕೊರತೆಯಾದರೂ ಗಾದಿ ತುಂಬುವವರಿಗೆ ಇದೇ ಗುಣ, ಒತ್ತಿದರೆ ತಗ್ಗುತ್ತದೆ, ಹಿಂಜಿದರೆ ಮತ್ತೆ ಉಬ್ಬುತ್ತದೆ. 1840ರ ದಶಕದಲ್ಲಿ ಧಾರವಾಡ ಸೀಮೆಗೆ ಅಮೆರಿಕದ ಉದ್ದ ಎಳೆಯ ತಳಿ ಬಂತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಈ ಭಾಗದ ಹತ್ತಿಗೆ ಕಂಡರಿಯದ ಬೆಲೆ ಏರಿ, ಯುದ್ಧ ಮುಗಿಯುತ್ತಲೇ ಬಿತ್ತು. ಮಾರುಕಟ್ಟೆಗೆ ಹೋಗುವ ಹತ್ತಿಯ ಕತೆ ಅದು. ಮನೆಯ ದಿಂಬಿಗೆ ಹೋಗುವ ಹತ್ತಿ ಪಿಂಜಾರರ ಕೈ ಹಾಯ್ದು ಬರಬೇಕಿತ್ತು. ನದಾಫರೆಂದೂ ಕರೆಸಿಕೊಳ್ಳುವ, ಕನ್ನಡವನ್ನೇ ಮನೆಮಾತಾಗಿಸಿಕೊಂಡ ಈ ಮುಸಲ್ಮಾನ ಕುಟುಂಬಗಳವರು ದೊಡ್ಡ ಬಿಲ್ಲನ್ನು ಹೆಗಲಿಗೇರಿಸಿ ಓಣಿ ಓಣಿ ತಿರುಗುತ್ತಿದ್ದರು. ಬಿಲ್ಲಿನ ಹೆದೆಯನ್ನು ಹತ್ತಿಯ ರಾಶಿಗೆ ತಾಗಿಸಿ ಮರದ ಕೊಡತಿಯಿಂದ ಮೀಟಿದರೆ ಗಂಟುಕಟ್ಟಿದ ಹತ್ತಿ ಬಿಡಿಸಿಕೊಂಡು ಹಗುರಾಗಿ ಹಾರುತ್ತದೆ, ಕಸ, ಧೂಳು ಕೆಳಗೆ ಉದುರುತ್ತದೆ. ಅದೇ ಅಂಗಳದಲ್ಲಿ ಅಳತೆ ನೋಡಿ ಗವಸು ತುಂಬಿ, ಹತ್ತಿ ಒಂದೆಡೆ ಸರಿಯದಂತೆ ನಡುನಡುವೆ ದಪ್ಪ ದಾರದ ಹೊಲಿಗೆ ಹಾಕಿ ಗಾದಿ ಮುಗಿಸುತ್ತಿದ್ದರು. ಕೆಲವು ವರ್ಷಕ್ಕೊಮ್ಮೆ ಅದೇ ಹತ್ತಿಯನ್ನು ತೆಗೆದು, ಬಿಸಿಲಿಗೆ ಹಾಕಿ, ಮತ್ತೆ ಹಿಂಜಿ ತುಂಬಿದರಾಯಿತು, ಹೊಸದಾಗಿ ಕೊಳ್ಳುವ ಮಾತಿಲ್ಲ. ಇಂದಿನ ದಿಂಬಿನೊಳಗಿನ ಪಾಲಿಯೆಸ್ಟರ್ ಎಳೆ ಒಮ್ಮೆ ಕುಸಿದರೆ ಕಸದ ಬುಟ್ಟಿಯೇ ಗತಿ. ದಿಂಬಿನ ಮೇಲಿನ ಖಣದ ಬಗ್ಗೆ ಇಷ್ಟು ಚರ್ಚೆ ಆಗುತ್ತಿರುವಾಗ ಒಳಗಿನ ಹತ್ತಿಯೂ ಬಿಲ್ಲು ಹೊತ್ತು ಓಣಿಗೆ ಬಂದು ಹಿಂಜುವವನೂ ಮರೆಯಾದದ್ದನ್ನು ಯಾರೂ ಎತ್ತದಿರುವುದು ನನಗೆ ನೋವಿನ ಸಂಗತಿ.

ಹಾಗಿದ್ದರೆ ಇಷ್ಟು ಬಣ್ಣದ ಸೀಮೆಯಲ್ಲಿ ಸಾಮಾನ್ಯರ ಮನೆಯ ದಿಂಬಿಗೆ ಚಿತ್ತಾರ ಏಕೆ ಇರಲಿಲ್ಲ? ಉತ್ತರ ಮನೆಯ ಕಟ್ಟಡದಲ್ಲಿದೆ. ಮಣ್ಣಿನ ಮಾಳಿಗೆಯ, ದಪ್ಪ ಗೋಡೆಯ ಆ ಮನೆಗಳಲ್ಲಿ ಒಂದೇ ಪಡಸಾಲೆ ಹಗಲು ಕೆಲಸದ ಜಾಗ, ರಾತ್ರಿ ಮಲಗುವ ಜಾಗ. ಬೆಳಗಾಗುತ್ತಲೇ ಹಾಸಿಗೆ ಸುತ್ತಿ, ತಲೆದಿಂಬುಗಳನ್ನು ಒಟ್ಟಿ ಮೂಲೆಗೆ ಸೇರಿಸಬೇಕು. ಹಗಲಲ್ಲಿ ಕಾಣದ ವಸ್ತುವಿಗೆ ಯಾರೂ ಅಲಂಕಾರ ಮಾಡುವುದಿಲ್ಲ. ಹಗಲಿಡೀ ಕಾಣುವುದು ಮೈಮೇಲಿನ ಬಟ್ಟೆ. ಹಾಗಾಗಿ ಬಾದಾಮಿ, ಹುನಗುಂದ ಸೀಮೆಯ ಚಿತ್ತಾರವೆಲ್ಲ ಸೀರೆ-ಕುಪ್ಪಸಗಳಲ್ಲಿ ಬಂದು ಸೇರಿತು. ಇಳಕಲ್, ಗುಳೇದಗುಡ್ಡ, ಕಮತಗಿ, ಸೂಳೇಭಾವಿಗಳ ಕುಣಿಮಗ್ಗಗಳು ಶತಮಾನಗಳ ಕಾಲ ಆ ಒಂದು ಕೆಲಸವನ್ನೇ ಮಾಡಿದವು. ಇಳಕಲ್ ಸೀರೆಯ ಒಡಲು ಹತ್ತಿಯದು, ಸೆರಗಿನ ಹಾಸು, ಅಂದರೆ ಉದ್ದದ ಎಳೆಗಳು, ರೇಷ್ಮೆಯದು. ಈ ಎರಡನ್ನು ಸೇರಿಸುವ ಕ್ರಮಕ್ಕೆ ಕೊಂಡಿ ಎನ್ನುತ್ತಾರೆ. ಒಡಲ ಹಾಸಿನ ಒಂದೊಂದು ಎಳೆಯನ್ನೂ ಸೆರಗಿನ ಹಾಸಿನ ಎಳೆಗೆ ಕುಣಿಕೆಯಂತೆ ಸಿಕ್ಕಿಸುತ್ತ ಹೋಗಬೇಕು. ತೋಪುತೆನಿ ಸೆರಗಿನ ಕೆಂಪಿನ ಮೇಲೆ ಬಿಳಿಯಲ್ಲಿ ಬಾಚಣಿಕೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆ ಮೂಡುತ್ತವೆ. ದಡಿಗಳಲ್ಲಿ ಚಿಕ್ಕಿ, ಗೋಮಿ, ಗಾಡಿ ಎಂಬ ಬಗೆಗಳು. ಈ ಕೊಂಡಿಯ ಕಾರಣದಿಂದಲೇ ಒಂದೊಂದು ಸೀರೆಗೂ ಒಂದೊಂದು ಹಾಸು ಹೂಡಬೇಕಾಗುತ್ತದೆ. ಹತ್ತು ಸೀರೆಯ ಉದ್ದದ ಹಾಸು ಒಮ್ಮೆಲೇ ಹೂಡಿ ನೇಯುತ್ತ ಹೋಗುವ ಬಟ್ಟೆ ಇದಲ್ಲ.

ಖಣದ ಸ್ವಭಾವವೇ ಬೇರೆ. ಅದು ಕುಪ್ಪಸಕ್ಕೆ ಬೇಕಾದಷ್ಟು ಬಟ್ಟೆ, ಅಗಲ ಕಿರಿದು, ಎರಡು ಬದಿಗೂ ದಡಿ. ಹಾಸಿನಲ್ಲಿ ಹೆಚ್ಚಿನ ಎಳೆಗಳನ್ನು ಸೇರಿಸಿ ಮಗ್ಗಕ್ಕೆ ಜೋಡಿಸಿದ ಡಾಬಿ ಎಂಬ ಸಾಧನದಿಂದ ಎತ್ತಿ ಇಳಿಸಿ ತೇರು, ಸೂರ್ಯನಾರಾಯಣ ಮೊದಲಾದ ಸಣ್ಣ ಸಣ್ಣ ಬುಟ್ಟಾಗಳನ್ನು ಮೂಡಿಸುತ್ತಾರೆ. ಚಿತ್ತಾರ ಹಾಸಿನ ಎಳೆಯಲ್ಲಿರುವುದರಿಂದ ಅದು ಬಟ್ಟೆಯ ಉದ್ದಕ್ಕೂ ಸಾಲುಸಾಲಾಗಿ ಹರಿಯುತ್ತದೆ. ಉದ್ದಕ್ಕೆ ನೇಯ್ದು, ಒಂದು ಕುಪ್ಪಸಕ್ಕೆ ಒಂದರಂತೆ ಕತ್ತರಿಸಿ, ಮಡಿಚಿ ಮಾರುವುದೇ ಅದರ ರೂಢಿ. ಗುಳೇದಗುಡ್ಡದ ಖಣ ಕೃಷ್ಣೆಯ ಆಚೆ ಮಹಾರಾಷ್ಟ್ರದ ಉದ್ದಗಲಕ್ಕೂ ಹೋಯಿತು. ಅಲ್ಲಿನ ಹೆಣ್ಣುಮಕ್ಕಳ ಚೋಳಿಗೂ ಇಲ್ಲಿನ ಕುಪ್ಪಸಕ್ಕೂ ಒಂದೇ ಊರಿನ ಬಟ್ಟೆ. ಕತ್ತರಿಸುವುದಕ್ಕೆಂದೇ ನೇಯ್ದ ಬಟ್ಟೆ ಖಣ, ಇಡಿಯಾಗಿ ಉಡುವುದಕ್ಕೆಂದೇ ನೇಯ್ದದ್ದು ಇಳಕಲ್ ಸೀರೆ. ಈ ಭೇದವನ್ನು ಮುಂದಿನ ವಾದಕ್ಕೆ ಎತ್ತಿಟ್ಟುಕೊಳ್ಳಬೇಕು.

ಮೈಯಿಂದ ಮನೆಗೆ ಬಟ್ಟೆ ಇಳಿಯುತ್ತಿದ್ದ ಹಳೆಯ ದಾರಿ ಕೌದಿ. ಸವೆದ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಇನ್ನೂ ಗಟ್ಟಿಯಿರುವ ತುಂಡುಗಳನ್ನು ಜೋಡಿಸಿ, ಅಂಚಿನಿಂದ ನಡುವಿನವರೆಗೆ ಸಾಲುಸಾಲು ಹೊಲಿಗೆ ಹಾಕಿದರೆ ಕೌದಿ. ಮನೆಯ ಮುದುಕಿಯರು ಹೊಲಿಯುತ್ತಿದ್ದರು, ಇಲ್ಲವೆ ಗೊಂದಲಿಗರ ಹೆಣ್ಣುಮಕ್ಕಳು ಊರೂರಿಗೆ ಬಂದು ಕಟ್ಟೆಯ ಮೇಲೆ ಕೂತು ಹೊಲಿದುಕೊಟ್ಟು ಕಾಳು, ಹಣ ಪಡೆಯುತ್ತಿದ್ದರು. ಇಳಕಲ್ಲಿನ ಒಡಲು ಸವೆದರೂ ರೇಷ್ಮೆಯ ಸೆರಗು, ದಡಿ ಇನ್ನಷ್ಟು ಕಾಲ ಬಾಳುತ್ತವೆ. ಹಾಗಾಗಿ ಕೌದಿಯ ನಡುವಿನ ಚೌಕಕ್ಕೆ ಸೆರಗು, ಅಂಚಿಗೆ ದಡಿ. ಖಣದ ತುಂಡುಗಳು ಕೂಸಿನ ಕುಲಾವಿಗೆ, ಕುಂಚಿಗೆಗೆ, ಕೌದಿಯ ಮೂಲೆಗಳಿಗೆ. ಸುತ್ತಿದ ಹಾಸಿಗೆಗೆ ಕೌದಿ ಹೊದಿಸಿ ಮೂಲೆಯಲ್ಲಿಟ್ಟರೆ ಅದೇ ಹಗಲಿನ ಒರಗುದಿಂಬು, ಅದೇ ಪಡಸಾಲೆಯಲ್ಲಿ ಕಣ್ಣಿಗೆ ಬೀಳುವ ಬಣ್ಣ. ದೇಸಾಯರ ಬಿಳಿ ಲೋಡಿಗೆ ಬಡವರ ಮನೆಯ ಪ್ರತಿರೂಪ ಎಂದರೆ ಇದು. ಚಿತ್ತಾರ ಇದ್ದದ್ದು ಇಲ್ಲಿ.

ಇದು ಬರಿ ಬಡತನದ ಉಳಿತಾಯ, ಇದರಲ್ಲಿ ಅಲಂಕಾರದ ಉದ್ದೇಶ ಹುಡುಕುವುದು ಈಗಿನವರ ಕಲ್ಪನೆ ಎಂದು ಯಾರಾದರೂ ಹೇಳಬಹುದು. ಬಡತನ ಇತ್ತು ಎಂಬುದರಲ್ಲಿ ಸಂದೇಹವಿಲ್ಲ. ಈ ಸೀಮೆ ಸೇರಿದ್ದ ಆಗಿನ ಕಲಾದಗಿ ಜಿಲ್ಲೆಯಲ್ಲಿ 1876ರಿಂದ 1878ರವರೆಗಿನ ಬರಗಾಲ ಎಷ್ಟು ಘೋರವಾಗಿತ್ತೆಂದರೆ 1872ರಲ್ಲಿ ಎಂಟು ಲಕ್ಷ ದಾಟಿದ್ದ ಜನಸಂಖ್ಯೆ 1881ರ ಎಣಿಕೆಯಲ್ಲಿ ಆರೂವರೆ ಲಕ್ಷವನ್ನೂ ಮುಟ್ಟಲಿಲ್ಲ. ಉಣ್ಣಲು ಇಲ್ಲದವರು ಸೀರೆ ಕೊಳ್ಳುವುದಿಲ್ಲ, ಸೀರೆ ಮಾರದೆ ನೇಕಾರನ ಒಲೆ ಉರಿಯುವುದಿಲ್ಲ. ಅಂಥ ಕಾಲವನ್ನು ದಾಟಿ ಬಂದವರಿಗೆ ಒಂದು ತುಂಡು ಬಟ್ಟೆಯನ್ನೂ ಎಸೆಯುವ ಮನಸ್ಸು ಬರದು. ಆದರೆ ಉಳಿತಾಯವೊಂದೇ ಉದ್ದೇಶವಾಗಿದ್ದರೆ ತುಂಡುಗಳನ್ನು ಕೈಗೆ ಸಿಕ್ಕ ಹಾಗೆ ಹೊಲಿಯಬಹುದಿತ್ತು. ನಡುವೆ ಚೌಕ, ಅದರ ಸುತ್ತ ಎದುರುಬದುರು ಬಣ್ಣ, ನಾಲ್ಕು ಮೂಲೆಗೆ ಒಂದೇ ಜಾತಿಯ ಖಣ, ಹೊರಗೆ ದಡಿ ಎಂಬ ಕ್ರಮವನ್ನು ಉಳಿತಾಯ ಕೇಳುವುದಿಲ್ಲ, ಕಣ್ಣು ಕೇಳುತ್ತದೆ. ಬಟ್ಟೆ ಆರಿಸಿ ಜೋಡಿಸುವ ವಿದ್ಯೆ ಈ ಸೀಮೆಯ ಹೆಣ್ಣುಮಕ್ಕಳ ಕೈಯಲ್ಲಿ ಮೊದಲಿನಿಂದ ಇತ್ತು ಎನ್ನಲು ಕೌದಿಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ದಿಂಬಿಗೇ ಚಿತ್ತಾರ ಬಂದದ್ದು ಸೂಜಿಯಿಂದ. ಬಾಸೆಲ್ ಮಿಶನ್ 1851ರಲ್ಲಿ ಗುಳೇದಗುಡ್ಡದಲ್ಲಿ ನೆಲೆಯೂರಿತು. ಮಿಶನರಿಗಳ ಹೆಣ್ಣುಮಕ್ಕಳ ಶಾಲೆಗಳಲ್ಲಿ ಓದು-ಬರಹದ ಜೊತೆ ಹೊಲಿಗೆ, ಹೆಣಿಕೆ ಕಲಿಸುತ್ತಿದ್ದರು. ಇಪ್ಪತ್ತನೆಯ ಶತಮಾನದ ಹೊತ್ತಿಗೆ ನಾಡಿನ ಮಧ್ಯಮ ವರ್ಗದ ಮನೆಗಳಲ್ಲೆಲ್ಲ ಗುಲಾಬಿ, ಜೋಡಿ ಗಿಳಿ, ‘ಶುಭರಾತ್ರಿ’ ಎಂದು ದಾರದಲ್ಲಿ ಬರೆದ ತಲೆದಿಂಬಿನ ಗವಸುಗಳು ಕಾಣಿಸಿಕೊಂಡವು. ಕಸೂತಿಯ ದಾರಿ ಇನ್ನೂ ಕುತೂಹಲದ್ದು. ಗವಂತಿ, ಮುರ್ಗಿ, ನೇಯ್ಗಿ, ಮೆಂತ್ಯೆ ಎಂಬ ನಾಲ್ಕು ಹೊಲಿಗೆಗಳ ಈ ಕಲೆ ಇಳಕಲ್ ಸೀರೆಯ ಎಳೆಗಳನ್ನೇ ಎಣಿಸಿ ಮಾಡುವಂಥದ್ದು. ಚಂದ್ರಕಾಳಿ ಸೀರೆಯ ಸೆರಗು, ಒಡಲು, ಖಣದ ಕುಪ್ಪಸಗಳೇ ಅದರ ನೆಲೆ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ, 1964ರಲ್ಲಿ ಕರ್ನಾಟಕದ ಕರಕುಶಲ ಅಭಿವೃದ್ಧಿ ನಿಗಮ ಹುಟ್ಟಿದ ಮೇಲೆ ಅದೇ ಗೋಪುರ, ತೇರು, ಆನೆಗಳು ಮೇಜುಬಟ್ಟೆ, ದಿಂಬಿನ ಗವಸುಗಳ ಮೇಲೆ ನಿಗಮದ ಕಾವೇರಿ ಮಳಿಗೆಗಳಿಗೆ ಬಂದವು. ಸೀರೆ ಉಡುವವರು ಕಡಿಮೆಯಾದ ಕಾಲದಲ್ಲಿ ಕಸೂತಿಯ ಕೈಗಳಿಗೆ ಕೆಲಸ ಉಳಿಸಿದವುಗಳಲ್ಲಿ ಈ ಗವಸುಗಳೂ ಸೇರಿವೆ. ಅವನತಿಯ ಮಾತಾಡುವವರು ಈ ಹಿಂದಿನ ನಿದರ್ಶನಕ್ಕೆ ಉತ್ತರ ಕೊಡಬೇಕಾಗುತ್ತದೆ.

ಇನ್ನು ಮನೆಯೇ ಬದಲಾಯಿತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳನ್ನು ನುಂಗುವುದು ಖಚಿತವಾದಾಗ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಹೊಸ ಊರಿನ ಯೋಜನೆಗೆ ಕೈಹಾಕಿದರು. 1997ರಲ್ಲಿ ಬಾಗಲಕೋಟೆ ಬಿಜಾಪುರದಿಂದ ಬೇರೆಯಾಗಿ ಜಿಲ್ಲೆಯಾಯಿತು. ಆ ಸುಮಾರಿಗೆ ಸಾವಿರಾರು ಕುಟುಂಬಗಳು ಆ ಹೊಸ ಊರಾದ ನವನಗರದ ಸೆಕ್ಟರುಗಳಿಗೆ ನಡೆದವು. ಮಾಳಿಗೆ ಮನೆಯ ಪಡಸಾಲೆ ಹೋಗಿ ಸಿಮೆಂಟಿನ ಹಾಲು ಬಂತು, ಮಲಗುವುದಕ್ಕೆ ಬೇರೆ ಕೋಣೆ ಬಂತು. ಮಂಚ ಹಗಲೂ ಹಾಸಿಕೊಂಡೇ ಇರುವುದಾಯಿತು. ಸೋಫಾ ಗೋಡೆಗೆ ನೆಲೆನಿಂತಿತು. ದಿಂಬು ಹಗಲು ಹೊತ್ತು ಮೂಲೆ ಸೇರಬೇಕಾದ ಅಗತ್ಯ ಮೊದಲ ಬಾರಿಗೆ ತಪ್ಪಿತು. ಮುಳುಗಡೆ ಇಲ್ಲದ ಊರುಗಳಲ್ಲಿ ಇದೇ ಬದಲಾವಣೆ ನಿಧಾನವಾಗಿ ಆಯಿತು, ಬಾಗಲಕೋಟೆಯಲ್ಲಿ ಒಂದು ತಲೆಮಾರಿನೊಳಗೆ ಆಯಿತು. ಚೆಂದದ ದಿಂಬು ಈಗ ಬಂದಿರುವುದಕ್ಕೆ ಪರದೇಶದ ಚಿತ್ರಗಳಿಗಿಂತ ಇದು ದೊಡ್ಡ ಕಾರಣ. ಕಾಣುವ ಜಾಗಕ್ಕೆ ಬಂದ ವಸ್ತು ಬಣ್ಣ ಬೇಡುತ್ತದೆ. ಆ ಹೊತ್ತಿಗೆ ಸರಿಯಾಗಿ ಖಣ ಮೈಯಿಂದ ಇಳಿದು ಕೆಲಸವಿಲ್ಲದೆ ಕುಳಿತಿತ್ತು, ಏಕೆಂದರೆ ಸೀರೆಗೆ ಹೊಂದುವ ಒಂದೇ ಬಣ್ಣದ ರವಿಕೆ ತುಂಡು ಅದರ ಜಾಗವನ್ನು ಹಿಡಿದಿತ್ತು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಭಕ್ತಿಯದು. ಬಾದಾಮಿಯ ಬನಶಂಕರಿಗೆ ಉಡಿ ತುಂಬುವುದು ಖಣ-ಕಾಯಿಯಿಂದ. ಆಕೆ ದೇವಾಂಗ ನೇಕಾರರ ಕುಲದೇವತೆ. ಬನದ ಹುಣ್ಣಿಮೆಯ ಜಾತ್ರೆಗೆ ಬಂದ ಹೆಣ್ಣುಮಕ್ಕಳ ಕೈಯಲ್ಲಿ ಖಣ ಇದ್ದೇ ಇರುತ್ತದೆ. ತವರಿಗೆ ಬಂದ ಮಗಳನ್ನು ಖಣವಿಲ್ಲದೆ ಕಳಿಸುವುದಿಲ್ಲ. ಅಂಥ ಬಟ್ಟೆಗೆ ಬೆನ್ನು ಕೊಟ್ಟು ಕೂಡ್ರುವುದು, ಮಕ್ಕಳು ಕಾಲಿಡುವುದು ಸರಿಯೆ? ಈ ಮಾತನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಆದರೆ ರೂಢಿಯೇ ಇಲ್ಲಿ ದಾರಿ ತೋರುತ್ತದೆ. ದೇವಿಯ ಉಡಿಯ ಖಣ ಪೂಜ್ಯ, ಏಕೆಂದರೆ ಅದನ್ನು ಕೊಟ್ಟದ್ದು ಹಾಗೆ. ಅದೇ ಮಗ್ಗದ ಇನ್ನೊಂದು ಖಣ ಹೊಲದಲ್ಲಿ ಕಳೆ ಕೀಳುವವಳ ಕುಪ್ಪಸವಾಗಿ ಬೆವರಲ್ಲಿ ನೆನೆಯಿತು, ಮತ್ತೊಂದು ಕೂಸಿನ ಕುಂಚಿಗೆಯಾಗಿ ನೂರು ಸಲ ಒಗೆಸಿಕೊಂಡಿತು. ಬಟ್ಟೆಗೆ ಪೂಜ್ಯತೆ ಬರುವುದು ಕೊಡುವ ಕ್ರಿಯೆಯಿಂದ, ನೇಯ್ಗೆಯಿಂದ ಅಲ್ಲ ಎಂಬುದನ್ನು ಈ ಸೀಮೆಯ ಬಳಕೆ ತಾನೇ ಒಪ್ಪಿಕೊಂಡಿದೆ. ಉಡಿಗೆ ಬಂದ ಖಣವನ್ನು ದಿಂಬಿಗೆ ಹೊಲಿಸಬಾರದು, ಅಂಗಡಿಯಿಂದ ತಂದದ್ದನ್ನು ಹೊಲಿಸಬಹುದು. ಕಾಲಿಡುವ ನೆಲದ ದಿಂಬಿಗೆ ಬೇಡ, ಒರಗುವ ದಿಂಬಿಗೆ ಆಗಬಹುದು ಎಂಬ ಸೂಕ್ಷ್ಮವನ್ನೂ ಇಟ್ಟುಕೊಂಡರೆ ಒಳ್ಳೆಯದೇ.

ಇನ್ನೊಂದು ಆಕ್ಷೇಪ ದುಡ್ಡಿನದು. ಇದರಿಂದ ನೇಕಾರನಿಗೆ ಬಂದದ್ದೇನು, ಲಾಭವೆಲ್ಲ ನಗರದ ಮಳಿಗೆಗಳಿಗೆ ಎನ್ನುತ್ತಾರೆ. ಪಾಲು ಸರಿಯಾಗಿ ಹಂಚಿಕೆಯಾಗುತ್ತಿಲ್ಲ ಎಂಬುದು ನಿಜವೇ ಇರಬಹುದು, ಆದರೆ ಕುಪ್ಪಸದ ಕಾಲದಲ್ಲೂ ನೂಲು ಕೊಟ್ಟು ಖಣ ಪಡೆಯುವ ಸಾಹುಕಾರನ ಕೈಯಲ್ಲೇ ಬೆಲೆ ಇತ್ತು. ದಿಂಬು ಆ ಅನ್ಯಾಯವನ್ನು ಹುಟ್ಟಿಸಲಿಲ್ಲ. ನನಗೆ ದೊಡ್ಡ ಅಪಾಯವಾಗಿ ಕಾಣುವುದು ನಕಲು. ಕೈಮಗ್ಗಕ್ಕೆ ಕೆಲವು ಬಗೆಯ ಬಟ್ಟೆಗಳನ್ನು ಮೀಸಲಿಡುವ ಕಾಯ್ದೆ 1985ರಲ್ಲೇ ಬಂದಿದೆ, ಇಳಕಲ್ ಸೀರೆಗೂ ಗುಳೇದಗುಡ್ಡ ಖಣಕ್ಕೂ ಭೌಗೋಳಿಕ ಗುರುತು ಸಿಕ್ಕಿದೆ. ಆದರೂ ಖಣದ ಬುಟ್ಟಾವನ್ನು ಪಾಲಿಯೆಸ್ಟರಿನ ಮೇಲೆ ಅಚ್ಚೊತ್ತಿ, ಇಲ್ಲವೆ ವಿದ್ಯುತ್ ಮಗ್ಗದಲ್ಲಿ ಅಗಲವಾಗಿ ನೇಯ್ದು ‘ಖಣದ ದಿಂಬು’ ಎಂದು ಮಾರುವುದು ನಡೆದೇ ಇದೆ. ನಕಲನ್ನು ಕಂಡುಹಿಡಿಯುವುದು ಕಷ್ಟವಲ್ಲ. ಗವಸನ್ನು ಒಳಮಗ್ಗುಲು ತಿರುಗಿಸಿದರೆ ನೇಯ್ದ ಖಣದಲ್ಲಿ ಚಿತ್ತಾರದ ಹೆಚ್ಚಿನ ಎಳೆಗಳು ಬಿಡಿಬಿಡಿಯಾಗಿ ತೇಲಿರುತ್ತವೆ, ಅಚ್ಚೊತ್ತಿದ್ದರಲ್ಲಿ ಹಿಂಬದಿ ಬೋಳು. ವಿದ್ಯುತ್ ಮಗ್ಗದ ಖಣದಲ್ಲೂ ಎಳೆ ತೇಲಬಹುದು, ಆದ್ದರಿಂದ ಅಗಲವನ್ನೂ ನೋಡಬೇಕು, ಕೈಮಗ್ಗದ ಗುರುತನ್ನೂ ಕೇಳಬೇಕು.

ಆರಿಸುವ ಮಾತಿಗೆ ಬಂದರೆ, ಹಿಂದೆ ಎತ್ತಿಟ್ಟ ಭೇದ ಇಲ್ಲಿ ಕೆಲಸಕ್ಕೆ ಬರುತ್ತದೆ. ಕತ್ತರಿಸುವುದಕ್ಕೆಂದೇ ನೇಯ್ದ ಖಣವನ್ನು ಹೊಸದಾಗಿಯೇ ದಿಂಬಿಗೆ ಬಳಸಿದರೆ ಯಾವ ಕೈಕೆಲಸವೂ ಹಾಳಾಗುವುದಿಲ್ಲ. ಅದರ ಸಣ್ಣ ಬುಟ್ಟಾ ಸಣ್ಣ ಚೌಕದಲ್ಲಿ ಇಡಿಯಾಗಿ ಕಾಣುತ್ತದೆ, ತೇಲುವ ಎಳೆಗಳು ಗವಸಿನ ಒಳಗೆ ಮರೆಯಾಗಿ ಸಿಕ್ಕಿ ಹರಿಯದೆ ಉಳಿಯುತ್ತವೆ. ಮುಂಬದಿಗೆ ಖಣ, ಹಿಂಬದಿಗೆ ಸಾದಾ ಹತ್ತಿ ಹಾಕಿದರೆ ಒಂದು ಕುಪ್ಪಸದ ತುಂಡು ಒಂದು ದಿಂಬಿಗೆ ಸರಿಹೋಗುತ್ತದೆ. ಕುಪ್ಪಸದಲ್ಲಿ ದಡಿ ತೋಳಿನ ಅಂಚಿಗೆ ಬಂದು ನಿಲ್ಲುವಂತೆ ದಿಂಬಿನಲ್ಲೂ ಅಂಚಿಗೇ ಬರಬೇಕು. ದಡಿಯನ್ನು ಕತ್ತರಿಸಿ ಎಸೆದ ಖಣಕ್ಕೆ ಮುಖವೇ ಇರುವುದಿಲ್ಲ. ಹೊಸ ಇಳಕಲ್ ಸೀರೆಯ ಸೆರಗಿಗೆ ಕತ್ತರಿ ಹಾಕುವುದು ಇದಕ್ಕೆ ತದ್ವಿರುದ್ಧ. ಒಂದು ಸೀರೆಗೆಂದು ಹೂಡಿದ ಹಾಸು, ಎಳೆಗೆ ಎಳೆ ಸಿಕ್ಕಿಸಿದ ಕೊಂಡಿ ಎಲ್ಲವೂ ನಾಲ್ಕು ದಿಂಬಿಗಾಗಿ ವ್ಯರ್ಥ. ಉಟ್ಟು ಒಡಲು ಸವೆದ ಸೀರೆಯ ಸೆರಗಾದರೆ ಅದು ಕೌದಿಯ ದಾರಿಯಲ್ಲೇ ನಡೆದಂತೆ. ಹೊಸ ಇಳಕಲ್ಲೇ ಬೇಕೆನ್ನುವವರು ಸೆರಗಿಲ್ಲದೆ, ಕೊಂಡಿಯಿಲ್ಲದೆ, ಒಡಲ ಗೆರೆ ಮತ್ತು ಗೋಮಿ ದಡಿಯನ್ನಷ್ಟೇ ಗಜದ ಲೆಕ್ಕದಲ್ಲಿ ನೇಯಿಸಿಕೊಳ್ಳಬಹುದು. ಅದು ನೇಕಾರನಿಗೂ ಹಗುರ, ಕತ್ತರಿಗೂ ಒಪ್ಪುವ ಬಟ್ಟೆ. ಜೋಡಿಸುವಾಗ ಬೈಠಕಿನ ಮತ್ತು ಕೌದಿಯ ಎರಡೂ ಪಾಠ ನೆರವಿಗೆ ಬರುತ್ತವೆ. ಬಿಳಿ ಅಥವಾ ಸಾದಾ ಬಣ್ಣದ ದೊಡ್ಡವು ಹಿಂದೆ, ಖಣದವು ಎರಡೋ ಮೂರೋ ಮುಂದೆ ಇದ್ದರೆ ಸಾಕು, ಬುಟ್ಟಾದ ಮೇಲೆ ಬುಟ್ಟಾ ಒಟ್ಟಿದರೆ ಯಾವುದೂ ಕಾಣದು. ಗವಸಿನ ಬಣ್ಣ ಬಿಡುವ ಸಂಭವ ಇರುವುದರಿಂದ ಮೊದಲ ಒಗೆತ ತಣ್ಣೀರಲ್ಲಿ, ಬೇರೆಯಾಗಿ, ಒಣಗಿಸುವುದು ನೆರಳಲ್ಲಿ. ಒಳಗೆ ತುಂಬಲು ಪಾಲಿಯೆಸ್ಟರಿನ ಬದಲು ಹತ್ತಿಯೇ ಬೇಕೆಂದು ಕೇಳುವವರು ಹೆಚ್ಚಿದರೆ, ಗಾದಿ ಅಂಗಡಿಗಳಲ್ಲಿ ಯಂತ್ರದಿಂದ ಹತ್ತಿ ಹಿಂಜಿ ಇಂದಿಗೂ ಬದುಕು ನಡೆಸುತ್ತಿರುವ ನದಾಫರ ಮನೆಗಳಿಗೂ ಈ ಹೊಸ ರೂಢಿಯಲ್ಲಿ ಒಂದು ಪಾಲು ಸಿಗುತ್ತದೆ.